ಹಂಗಿನ ಲೆಕ್ಕ

2016ರ ನವೆಂಬರಿನಲ್ಲಿ ಐನೂರು, ಸಾವಿರದ ನೋಟುಗಳು ರದ್ದಾದ ಮರುವಾರ ಊರಿಗೆ ಹೋಗಿದ್ದೆ. ಅವ್ವ ಊಟಕ್ಕೆ ಬಡಿಸಿ, ನಾನು ಕೈ ತೊಳೆದು ಬರುವಷ್ಟರಲ್ಲಿ ಒಳಮನೆಯಿಂದ ಒಂದು ಬಟ್ಟೆಯ ಗಂಟು ತಂದು ಜಗಲಿಯ ಮೇಲೆ ಇಟ್ಟಿದ್ದಳು. ಬಿಚ್ಚಿದರೆ ಐನೂರರ ಹದಿನೆಂಟು ನೋಟು. ಮಡಿಸಿ ಮಡಿಸಿ, ಮಡಿಕೆಯ ಗೆರೆಯಲ್ಲಿ ಬಣ್ಣವೇ ಹೋಗಿತ್ತು. "ಏನವ್ವ ಇದು?" ಅಂದೆ. "ನನ್ನ ಮಣ್ಣಿಗೆ ಅಂತ ಮಡಗಿದ್ದು ಕಣಪ್ಪ. ಬದಲಾಯಿಸ್ಕಂಡು ಬಾ," ಅಂದಳು, ಅಂಗಡಿಯಿಂದ ಉಪ್ಪು ತಾ ಅನ್ನುವ ದನಿಯಲ್ಲಿ.

ನಾವು ನಾಲ್ವರು ಮಕ್ಕಳು. ಇಬ್ಬರಿಗೆ ಸರ್ಕಾರಿ ಸಂಬಳ, ಒಬ್ಬನಿಗೆ ತೋಟ, ತಂಗಿಯ ಮನೆಯಲ್ಲೂ ಉಂಡುಟ್ಟು ಉಳಿಯುವಷ್ಟಿತ್ತು. ತನ್ನನ್ನು ಮಣ್ಣು ಮಾಡಲು ಮಕ್ಕಳ ಕೈಯಲ್ಲಿ ದುಡ್ಡಿಲ್ಲದೆ ಹೋದೀತು ಎಂಬ ಅನುಮಾನ ಅವಳಿಗೆ ಇದ್ದಿರಲಾರದು. ಡೇರಿಗೆ ಹಾಕಿದ ಹಾಲಿನಲ್ಲಿ ಹತ್ತು, ಕೋಳಿ ಮಾರಿದ್ದರಲ್ಲಿ ಇಪ್ಪತ್ತು, ಹಬ್ಬಕ್ಕೆ ತಮ್ಮ ಬಂದು ಕೈಗಿಟ್ಟು ಹೋದದ್ದು, ಹೀಗೆ ಕೂಡಿಸಿ, ನೂರಾದಾಗ ನೂರಕ್ಕೆ, ಐನೂರಾದಾಗ ಐನೂರಕ್ಕೆ ಚಿಲ್ಲರೆ ಬದಲಾಯಿಸಿಕೊಂಡು ಗಂಟು ಕಟ್ಟಿದ್ದಳು. ಉಸಿರು ನಿಂತ ಮೇಲೂ ಯಾರ ಹಂಗೂ ಬೇಡ ಎಂಬುದು ಅವಳ ಏರ್ಪಾಡು.

ಸರದಿಯಲ್ಲಿ ನಿಂತೆ. ಆ ಒಂಬತ್ತು ಸಾವಿರವನ್ನು ನನ್ನ ಖಾತೆಗೆ ಕಟ್ಟಿ ಅಷ್ಟನ್ನೇ ತೆಗೆದಾಗ ಬ್ಯಾಂಕಿನವರು ಕೊಟ್ಟದ್ದು ಗುಲಾಬಿ ಬಣ್ಣದ ಎರಡು ಸಾವಿರದ ನಾಲ್ಕು ನೋಟು, ನೂರರ ಹತ್ತು. ಅವ್ವ ಗುಲಾಬಿ ನೋಟನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಹುಡುಗ್ರು ಆಟ ಆಡೋ ನೋಟಿನಂಗದೆ. ನಡೀತದಾ ಇದು?" ನಡೆಯುತ್ತದೆ ಎಂದೆ. ರಿಸರ್ವ್ ಬ್ಯಾಂಕಿನ ಪರವಾಗಿ ನಾನು ಕೊಟ್ಟ ಆ ಭರವಸೆ ಏಳು ವರ್ಷವೂ ಬಾಳಲಿಲ್ಲ. ಅವ್ವ 2018ರಲ್ಲಿ ತೀರಿಕೊಂಡಳು. ಖರ್ಚನ್ನು ನಾನು ತಾನು ಎಂದು ನಾವೇ ಹಂಚಿಕೊಂಡೆವು. ಗಂಟನ್ನು ಬಿಚ್ಚಲು ಯಾರಿಗೂ ಮನಸ್ಸು ಬರಲಿಲ್ಲ, ಅದು ಅತ್ತಿಗೆಯ ಟ್ರಂಕಿನ ತಳ ಸೇರಿತು. 2023ರ ಮೇ ತಿಂಗಳಲ್ಲಿ ಎರಡು ಸಾವಿರದ ನೋಟನ್ನೂ ಹಿಂದಕ್ಕೆ ಪಡೆಯುತ್ತಾರೆಂದು ಸುದ್ದಿಯಾದಾಗ ಅತ್ತಿಗೆ ಫೋನ್ ಮಾಡಿ, "ಅತ್ತೆಮ್ಮನ ಗಂಟು ಹಂಗೇ ಅದೆ, ಏನ್ ಮಾಡನ?" ಅಂದರು. ಅದೇ ದುಡ್ಡನ್ನು ಹಿಡಿದು ಎರಡನೇ ಸಲ ಬ್ಯಾಂಕಿಗೆ ಹೋದೆ. ಈಗ ಆ ಒಂಬತ್ತು ಸಾವಿರ ನನ್ನ ಸಂಬಳದ ಖಾತೆಯಲ್ಲಿ ಕರಗಿಹೋಗಿದೆ. ಯಾವುದು ಅವಳದು, ಯಾವುದು ನನ್ನದು ಎಂದು ಪಾಸ್‌ಬುಕ್ ಹೇಳುವುದಿಲ್ಲ.

ಇದೆಲ್ಲ ಈಗ ಮತ್ತೆ ಮತ್ತೆ ನೆನಪಾಗಲು ಕಾರಣವಿದೆ. ಇನ್ನು ಏಳು ತಿಂಗಳಿಗೆ ನನಗೆ ಅರವತ್ತು ತುಂಬುತ್ತದೆ. ಹಾಸನ ಜಿಲ್ಲೆಯ ಒಂದು ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡು ಮೂವತ್ತು ವರ್ಷ ಕಳೆದವನು ನಾನು. ಸರ್ಕಾರ 2008ರಲ್ಲಿ ನಿವೃತ್ತಿಯ ವಯಸ್ಸನ್ನು ಐವತ್ತೆಂಟರಿಂದ ಅರವತ್ತಕ್ಕೆ ಏರಿಸಿತಲ್ಲ, ಆಗ ನಲವತ್ತರ ಗಡಿಯಲ್ಲಿದ್ದ ನಾವೆಲ್ಲ ಎರಡು ವರ್ಷ ಆಯುಸ್ಸೇ ಹೆಚ್ಚಿತು ಎನ್ನುವಂತೆ ಸಂಭ್ರಮಿಸಿದ್ದೆವು. ಆ ಎರಡು ವರ್ಷವೂ ಮುಗಿಯುತ್ತ ಬಂದಿದೆ. ಸ್ಟಾಫ್ ರೂಮಿನಲ್ಲಿ ನನ್ನ ಜೊತೆಯವರು ಮೂವರು ಇದೇ ವರ್ಷ ಇಳಿಯುವವರು. ನಮ್ಮ ಮಾತೆಲ್ಲ ಈಗ ಉಪದಾನ, ಜಿ.ಪಿ.ಎಫ್., ಮುನ್ನೂರು ದಿನದ ಗಳಿಕೆ ರಜೆಯ ನಗದೀಕರಣ, ಎ.ಜಿ. ಆಫೀಸಿಗೆ ಹೋದ ಕಡತ. ಕೆ.ಜಿ.ಐ.ಡಿ. ಬಾಂಡುಗಳನ್ನು ಹುಡುಕಿ ಹುಡುಕಿ ಗಣಿತದ ಮೇಷ್ಟ್ರಿಗೆ ಬೆನ್ನು ಹಿಡಿದಿದೆ. (ಆ ವಿಮಾ ಇಲಾಖೆ ಮೈಸೂರು ಸಂಸ್ಥಾನದಲ್ಲಿ ಶುರುವಾದದ್ದು 1891ರಲ್ಲಿ, ಮಾಸ್ತಿಯವರು ಹುಟ್ಟಿದ ವರ್ಷ. ಈ ಎರಡನ್ನು ಒಟ್ಟಿಗೆ ನೆನೆಯುವವನು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.)

ಎಲ್ಲ ಮಾತೂ ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಯ ಹತ್ತಿರ: ಎಷ್ಟಿದ್ದರೆ ಸಾಕು? ಗಣಿತದ ಮೇಷ್ಟ್ರು ಕಾಗದ ತೆಗೆದುಕೊಂಡು ಹಾಲು, ದಿನಸಿ, ಔಷಧಿ, ಮದುವೆ ಮುಯ್ಯಿ ಎಂದು ಬರೆದು, ತಿಂಗಳ ಮೊತ್ತವನ್ನು ಹನ್ನೆರಡರಿಂದ ಗುಣಿಸಿ, ಬೆಲೆ ಏರಿಕೆಗೆ ಇಷ್ಟು ಎಂದು ಸೇರಿಸಿ, ಆಮೇಲೆ ಪೆನ್ನೆತ್ತಿ ಕೂರುತ್ತಾರೆ. ಎಷ್ಟು ವರ್ಷದಿಂದ ಗುಣಿಸಬೇಕು ಎಂಬಲ್ಲಿ ಅವರ ಗಣಿತ ನಿಲ್ಲುತ್ತದೆ. ಅರವತ್ತು ಮುಟ್ಟಿದ ಭಾರತೀಯ ಸರಾಸರಿ ಇನ್ನೂ ಹದಿನೆಂಟು ವರ್ಷದ ಆಸುಪಾಸು ಬದುಕುತ್ತಾನಂತೆ. ಸರಾಸರಿಯಲ್ಲಿ ಯಾರೂ ಸಾಯುವುದಿಲ್ಲ. ಹೋದ ವರ್ಷ ಇಳಿದ ನಮ್ಮ ಕಚೇರಿ ಅಧೀಕ್ಷಕರು ಎರಡನೇ ಪಿಂಚಣಿ ಬರುವ ಮೊದಲೇ ಹೋದರು. ಮಾಸ್ತಿಯವರು ಸರ್ಕಾರಿ ಸೇವೆಯಿಂದ ತಾವಾಗಿ ನಿವೃತ್ತಿ ಪಡೆದು ಹೊರಬಂದ ಮೇಲೆ ನಲವತ್ತು ವರ್ಷಕ್ಕೂ ಮೀರಿ ಬದುಕಿದರು. ಜ್ಞಾನಪೀಠ ತಂದ ಕಾದಂಬರಿಯನ್ನೂ ಆ ದಿನಗಳಲ್ಲೇ ಬರೆದರು. ಯಾವ ಕೋಷ್ಟಕದಲ್ಲಿ ಅವರನ್ನು ಕೂರಿಸುವುದು?

ಪಿಂಚಣಿ ಪರಿವರ್ತನೆಯ ಅರ್ಜಿ ಈ ಪ್ರಶ್ನೆಯನ್ನು ಇನ್ನೂ ನೇರವಾಗಿ ಕೇಳುತ್ತದೆ. ನಮ್ಮ ರಾಜ್ಯದ ನೌಕರ ಬೇಕಾದರೆ ತನ್ನ ಪಿಂಚಣಿಯ ಮೂರನೇ ಒಂದು ಭಾಗದವರೆಗೆ ಮಾರಿಕೊಳ್ಳಬಹುದು. ಈಗಲೇ ಒಟ್ಟಿಗೆ ಒಂದು ಗಂಟು ಕೈಗೆ ಬರುತ್ತದೆ, ತಿಂಗಳ ಮೊತ್ತ ಅಷ್ಟು ಇಳಿಯುತ್ತದೆ, ಹದಿನೈದು ವರ್ಷವಾದ ಮೇಲೆ ಪೂರ್ತಿ ಪಿಂಚಣಿ ಮರಳಿ ಶುರುವಾಗುತ್ತದೆ. ನಲವತ್ತೈದು ಸಾವಿರ ಬರುವವನು ಮೂವತ್ತು ಸಾವಿರಕ್ಕೆ ಒಪ್ಪಿಕೊಂಡು ಎಪ್ಪತ್ತೈದರವರೆಗೆ ಕಾಯಬೇಕು. ಬೇಗ ಹೋದರೆ ಗೆದ್ದೆ, ಹೆಚ್ಚು ಕಾಲ ಬದುಕಿದರೆ ಸೋತೆ ಎಂಬಂಥ ಈ ಪಂದ್ಯದಲ್ಲಿ ನನ್ನ ಎದುರಾಳಿ ನಾನೇ. ಕೇಳಿದವರೆಲ್ಲ ಹೇಳುವುದು ಒಂದೇ ಮಾತು: "ತಗೊಂಡ್ಬಿಡಿ ಸಾರ್, ಕೈಗೆ ಬಂದದ್ದೇ ನಮ್ಮದು." ಆ ಮಾತಿನಲ್ಲಿ ಅರ್ಥಶಾಸ್ತ್ರಕ್ಕಿಂತ ಹೆಚ್ಚಾಗಿ ಒಂದು ಹಳೆಯ ಭಯವಿದೆ. ಕೊಡುವ ಕೈ ಯಾವಾಗ ಮಡಚಿಕೊಳ್ಳುತ್ತದೋ ಯಾರಿಗೆ ಗೊತ್ತು? ಮಳೆಯನ್ನೂ ದಣಿಯನ್ನೂ ನಂಬಿ ಕೆಟ್ಟವರ ಮಕ್ಕಳಲ್ಲವೆ ನಾವು.

ಗಂಟು ಬರುತ್ತದೆಂಬ ಸುದ್ದಿ ಹೇಗೆ ಹರಡುತ್ತದೋ ಕಾಣೆ. ಮೂವತ್ತು ನಲವತ್ತರ ಸೈಟು ತೋರಿಸುವವರು, ಯಾವುದೋ ಯೋಜನೆಯ ಬಣ್ಣದ ಕಾಗದ ಹಿಡಿದ ಹಳೆಯ ಶಿಷ್ಯರು, "ಒಂದು ವರ್ಷದ ಮಟ್ಟಿಗೆ ಇದ್ದರೆ..." ಎಂದು ತಲೆ ಕೆರೆಯುವ ನೆಂಟರು. ಸೊಸೈಟಿಗೆ ಹೋದರೂ ಮದುವೆಗೆ ಹೋದರೂ ಯಾರಾದರೂ ಒಬ್ಬರು ತೋಳು ಹಿಡಿದು ಪಕ್ಕಕ್ಕೆ ಕರೆಯುತ್ತಾರೆ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಮಾತ್ರ ಯಾರನ್ನೂ ತೋಳು ಹಿಡಿದು ಎಳೆಯುವುದಿಲ್ಲ. 2004ರಿಂದ ಇದೆ, 2023ರಲ್ಲಿ ಮಿತಿಯನ್ನು ಹದಿನೈದು ಲಕ್ಷದಿಂದ ಮೂವತ್ತಕ್ಕೆ ಏರಿಸಿದರು, ಅದೇ ವರ್ಷ ಬಡ್ಡಿ ಶೇ. 8.2ಕ್ಕೆ ಬಂತು, ಮೂರು ತಿಂಗಳಿಗೊಮ್ಮೆ ಖಾತೆಗೆ ಬಂದು ಬೀಳುತ್ತದೆ. ಅದರ ಬಗ್ಗೆ ಹೇಳಲು ಇಷ್ಟೇ ಇರುವುದು, ಬಹುಶಃ ಅದೇ ಅದರ ಗುಣ.

ಹಣದ ವಿಷಯದಲ್ಲಿ ಮನುಷ್ಯ ಅತಿ ಕಡಿಮೆ ತಪ್ಪು ಮಾಡುವುದು ಐವತ್ತಮೂರರ ಸುಮಾರಿನಲ್ಲಿ ಎಂದು ಸುಮಿತ್ ಅಗರ್‌ವಾಲ್ ಮತ್ತು ಸಂಗಡಿಗರು ಅಮೆರಿಕದ ಸಾಲ, ಕ್ರೆಡಿಟ್ ಕಾರ್ಡುಗಳ ಲೆಕ್ಕ ಜಾಲಾಡಿ 2009ರಲ್ಲಿ ಬರೆದಿದ್ದಾರೆ. ಅನುಭವ ಏರುತ್ತಿರುತ್ತದೆ, ಬುದ್ಧಿಯ ಚುರುಕು ಇಳಿಯುತ್ತಿರುತ್ತದೆ, ಇವೆರಡರ ಹದ ಕೂಡುವ ವಯಸ್ಸದು. ಮೈಕೆಲ್ ಫಿಂಕ್ ಮತ್ತು ಜೊತೆಯವರದು 2017ರ ಇನ್ನೊಂದು ಅಧ್ಯಯನ. ಅರವತ್ತರ ನಂತರ ಹಣಕಾಸಿನ ತಿಳಿವಳಿಕೆ ವರ್ಷಕ್ಕೆ ಒಂದಂಶದಷ್ಟು ಸವೆಯುತ್ತ ಹೋಗುತ್ತದೆ, ಆದರೆ ನನಗೆ ಗೊತ್ತು ಎಂಬ ವಿಶ್ವಾಸ ಸವೆಯುವುದೇ ಇಲ್ಲ. ಇದನ್ನು ಓದಿದ ದಿನ ನನಗೆ ನಗು ಬಂತು. ಐವತ್ತಮೂರರಲ್ಲಿ ನನ್ನ ಕೈಯಲ್ಲಿದ್ದದ್ದು ಮನೆ ಸಾಲದ ಕಂತು ಮತ್ತು ಮಗಳ ಕಾಲೇಜು ಫೀಸು. ತೀರ್ಮಾನ ಮಾಡಲು ಏನೂ ಇರಲಿಲ್ಲ. ಬದುಕಿನ ಅತಿ ದೊಡ್ಡ ಮೊತ್ತ ಕೈಗೆ ಬರುತ್ತಿರುವುದು ಹದ ಮೀರಿ ಏಳು ವರ್ಷವಾದ ಮೇಲೆ, ಅದೂ ಮೂವತ್ತು ವರ್ಷ ತರಗತಿಯಲ್ಲಿ ಯಾರೂ ಎದುರು ಹೇಳದೆ ಬೆಳೆದ ವಿಶ್ವಾಸದ ಜೊತೆಗೆ. ಮೇಷ್ಟ್ರುಗಳಿಗೆ ಟೋಪಿ ಹಾಕುವುದು ಸುಲಭ ಎಂದು ಊರವರು ಹೇಳುವುದು ಸುಮ್ಮನೆ ಅಲ್ಲ.

ನನ್ನ ಸ್ನೇಹಿತರೊಬ್ಬರು ನನಗಿಂತ ಏಳೆಂಟು ವರ್ಷ ಹಿರಿಯರು. ನಿವೃತ್ತಿಯಾದಾಗ ಬಂದದ್ದಷ್ಟನ್ನೂ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನಲ್ಲಿಟ್ಟರು. ಬೇರೆಡೆಗಿಂತ ಅಲ್ಲಿ ಒಂದು ಪರ್ಸೆಂಟ್ ಹೆಚ್ಚು ಸಿಗುತ್ತಿತ್ತು, ಮ್ಯಾನೇಜರು ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದರು. ಒಂದು ದಿನ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕಿನ ನಿರ್ಬಂಧ ಬಿತ್ತು. ಠೇವಣಿಯ ವಿಮೆಯನ್ನು 2020ರ ಫೆಬ್ರವರಿಯಲ್ಲಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದ್ದರು ನಿಜ, ಆದರೆ ಇವರ ಇಡುಗಂಟು ಅದಕ್ಕಿಂತ ಬಹಳ ದೊಡ್ಡದಿತ್ತು. ಜನ ಆಸೆಬುರುಕರೆಂದರು. ನಾನೂ ಒಳಗೊಳಗೆ ಹಾಗೇ ಅಂದುಕೊಂಡಿದ್ದೆ. ಒಂದು ಸಂಜೆ ಹಾಸನದ ಮಹಾರಾಜ ಪಾರ್ಕಿನಲ್ಲಿ ಕೂತಿದ್ದಾಗ ಅವರೇ ಹೇಳಿದರು: "ಮಗನ ಹತ್ತಿರ ಕೈ ಚಾಚಬಾರದು ಅಂತ ಒಂದು ಪರ್ಸೆಂಟ್ ಜಾಸ್ತಿಗೆ ಹೋದೆ ಕಣ್ರೀ. ಈಗ ತಿಂಗಳಾ ತಿಂಗಳಾ ಮಗನ ಹತ್ತಿರವೇ ಕೇಳ್ತಿದೀನಿ."

ಅಂದಿನಿಂದ ನನಗೆ ಆ 'ಎಷ್ಟಿದ್ದರೆ ಸಾಕು' ಎಂಬ ಪ್ರಶ್ನೆ ಬೇರೆಯಾಗಿ ಕೇಳತೊಡಗಿದೆ. ಅವರ ಒಂದು ಪರ್ಸೆಂಟು, ನನ್ನ ಅವ್ವನ ಹದಿನೆಂಟು ನೋಟು, ಗಣಿತದ ಮೇಷ್ಟ್ರು ಹಾಲಿನಿಂದ ಶುರುಮಾಡಿ ಬರೆಯುವ ಪಟ್ಟಿ, ಎಲ್ಲವೂ ರೂಪಾಯಿಯಲ್ಲಿ ಬರೆದ ಹಂಗಿನ ಲೆಕ್ಕ. ಹಂಗು ಎಂದರೆ ಋಣವಷ್ಟೇ ಆಗಿದ್ದರೆ ತೀರಿಸಿ ಕೈ ಝಾಡಿಸಬಹುದಿತ್ತು. ಕೊಟ್ಟವನು ಮರೆತರೂ ಪಡೆದವನ ಬೆನ್ನು ಮರೆಯದ ಸಂಗತಿ ಅದು. ಹಂಗಿನ ಮನೆಯಲ್ಲಿ ಉಣ್ಣುವವನು ಸಾರು ಚೆನ್ನಾಗಿಲ್ಲ ಎನ್ನುವಂತಿಲ್ಲ, ಟಿ.ವಿ. ಸದ್ದು ತಗ್ಗಿಸಿ ಎನ್ನುವಂತಿಲ್ಲ. ನಾವು ಕೂಡಿಡುವುದು ಸಾರು ಚೆನ್ನಾಗಿಲ್ಲ ಎನ್ನುವ ಹಕ್ಕನ್ನು. ಈಚೆಗೆ ವಿಡಿಯೊ ಕಾಲಿನಲ್ಲಿ ಪೊಲೀಸರ ವೇಷ ಹಾಕಿ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ ನಿವೃತ್ತರ ಖಾತೆ ಬರಿದು ಮಾಡುವ ಕಳ್ಳರಿಗೂ ಇದು ಗೊತ್ತಿದೆ. ಯಾರಿಗೂ ಹೇಳಬೇಡಿ ಎಂದು ಅವರು ಗದರಿಸಬೇಕಾಗಿಯೇ ಇಲ್ಲ. ಮಕ್ಕಳಿಗೆ ತಿಳಿಯಬಾರದು, ಅವರ ಕನಿಕರಕ್ಕೆ ಗುರಿಯಾಗಬಾರದು ಎಂದು ಮುದುಕರು ತಾವೇ ಬಾಯಿ ಕಟ್ಟಿಕೊಳ್ಳುತ್ತಾರೆ.

ಪಾಠ ಹೇಳುವವನಿಗೆ ಒಂದು ಶಾಪವಿದೆ, ಹೇಳಿದ್ದು ಹಿಂದಿರುಗಿ ಬರುತ್ತದೆ. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಗಂಡ ಮಾರಯ್ಯ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಾನೆ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲಿಗೇ ಸುರಿದು ಬಾ ಎಂದಳು. ಬೇಕಾದ್ದಕ್ಕಿಂತ ಹೆಚ್ಚು ಮನೆಗೆ ಬರುವುದು ಅವಳಿಗೆ ಆಸೆಯ ಮೊದಲ ಕಾಳಿನಂತೆ ಕಂಡಿತು. ಹುಡುಗರಿಗೆ ಇದನ್ನು ಹೇಳುವಾಗ ನನ್ನ ದನಿ ಏರುತ್ತಿತ್ತು. ಗಂಟೆ ಬಾರಿಸಿದ ಮೇಲೆ ಸ್ಟಾಫ್ ರೂಮಿಗೆ ಬಂದು ಯಾವ ಬ್ಯಾಂಕಿನಲ್ಲಿ ಕಾಲು ಪರ್ಸೆಂಟ್ ಜಾಸ್ತಿ ಎಂದು ಕೇಳುತ್ತಿದ್ದೆ.

ಇಷ್ಟು ದಿನ ಇದನ್ನು ನನ್ನ ಬೂಟಾಟಿಕೆ ಎಂದು ಒಪ್ಪಿಕೊಂಡು ಸುಮ್ಮನಾಗಿದ್ದೆ. ಈ ವರ್ಷ ಕೊನೆಯ ಸಲ ಆ ಪಾಠ ಮಾಡುವಾಗ ಬೇರೊಂದು ಹೊಳೆಯಿತು. ಲಕ್ಕಮ್ಮ ಅಕ್ಕಿಯನ್ನು ತಿರುಗಿ ಸುರಿಸಿದಳು, ಸರಿ. ನಾಳೆಯೂ ಆ ಅಂಗಳದಲ್ಲಿ ಅಕ್ಕಿ ಬಿದ್ದಿರುತ್ತದೆ ಎಂಬ ನಂಬಿಕೆ ಅವಳಿಗೆ ಇತ್ತಲ್ಲ? ಅವಳ ಸಾಕು ಎಂಬ ಮಾತಿಗೆ ಒಂದು ಮಹಾಮನೆಯ ಆಸರೆಯಿತ್ತು. ದಿನವೂ ಸಾವಿರಾರು ಜನ ಉಣ್ಣುತ್ತಿದ್ದ, ದುಡಿಯಲು ಕೈಯಿದ್ದವನನ್ನು ಬರಿಗೈಯಲ್ಲಿ ಕಳಿಸದ ಅಂಗಳ. ಅವಳು ಯಾರ ಹಂಗಿಗೂ ಬೀಳಲಿಲ್ಲ ಎನ್ನುತ್ತೇವೆ. ನನಗೆ ಈಗ ಅನ್ನಿಸುತ್ತಿರುವುದು ಅವಳು ಎಲ್ಲರ ಹಂಗಿನಲ್ಲೂ ನಾಚಿಕೆಯಿಲ್ಲದೆ ಇದ್ದಳು ಎಂದು. ಕಾಯಕ ಮಾಡುವವರೆಲ್ಲ ಒಬ್ಬರಿಗೊಬ್ಬರು ಹಂಗಿಗರಾದ ಮೇಲೆ ಬೆನ್ನು ಬಾಗಿಸಬೇಕಾದ್ದು ಯಾರ ಮುಂದೆ? ಹುಡುಗರಿಗೆ ಇದನ್ನು ಹೇಳಲಿಲ್ಲ. ಪರೀಕ್ಷೆಯಲ್ಲಿ ಬರೆದರೆ ಅಂಕ ಬರುವುದಿಲ್ಲ.

ನನ್ನ ಮಟ್ಟಿಗೆ ಪಿಂಚಣಿ ಎಂಬುದು ಅಂಥ ಒಂದು ಅಂಗಳ. ಮುಪ್ಪಿಗೆ ರಾಜ್ಯವೇ ಹೊಣೆ ಎಂಬ ಈ ಏರ್ಪಾಡು ಬಹಳ ಹಳೆಯದೇನಲ್ಲ. ಜರ್ಮನಿಯ ಬಿಸ್ಮಾರ್ಕ್ 1889ರಲ್ಲಿ ಕಾರ್ಮಿಕರಿಗೆ ವೃದ್ಧಾಪ್ಯದ ಪಿಂಚಣಿ ತಂದಾಗ ಎಪ್ಪತ್ತು ದಾಟಿದವರಿಗೆ ಮಾತ್ರ ಕೊಟ್ಟ, ಆ ಕಾಲದಲ್ಲಿ ಎಪ್ಪತ್ತು ದಾಟುತ್ತಿದ್ದವರು ಕಡಿಮೆ. ನಮಗೋ ಕೊನೆಯ ಮೂಲವೇತನದ ಅರ್ಧ, ಬೆಲೆ ಏರಿದರೆ ತುಟ್ಟಿಭತ್ಯೆ. ಬೆಳಗ್ಗೆ ಎದ್ದರೆ ಅಕ್ಕಿ ಚೆಲ್ಲಿರುತ್ತದೆ. ಆದರೆ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುವ ಇತಿಹಾಸದ ಉಪನ್ಯಾಸಕರಿಗೆ ಈ ಅಂಗಳವಿಲ್ಲ. ಅವರು ಸೇರಿದ್ದು 2006ರ ಏಪ್ರಿಲ್ 1ರ ಆಚೆಗೆ. ಅವರ ಸಂಬಳದ ಶೇ. 10, ಸರ್ಕಾರದ ಪಾಲು ಶೇ. 14, ಎರಡೂ ಸೇರಿ ಮಾರುಕಟ್ಟೆಗೆ ಹೋಗುತ್ತವೆ. ಅರವತ್ತರಲ್ಲಿ ಕೂಡಿದ್ದರ ಶೇ. 40ರಷ್ಟನ್ನಾದರೂ ವಿಮಾ ಕಂಪನಿಗೆ ಕೊಟ್ಟು ತಿಂಗಳ ವರಮಾನ ಕೊಳ್ಳಬೇಕು. ಮೊಬೈಲಿನಲ್ಲಿ ಅವರು ದಿನವೂ ತಮ್ಮ ಮೊತ್ತ ನೋಡುತ್ತಾರೆ. ಏರಿದ ದಿನ ಎಲ್ಲರಿಗೂ ಟೀ ಹೇಳುತ್ತಾರೆ, ಇಳಿದ ದಿನ ತರಗತಿಗೆ ಐದು ನಿಮಿಷ ತಡವಾಗಿ ಹೋಗುತ್ತಾರೆ. ನಾನು ಲಕ್ಕಮ್ಮನ ಮಾತೆತ್ತಿದರೆ, "ನಿಮಗೆ ಹೇಳೋಕೆ ಸುಲಭ ಸಾರ್," ಎನ್ನುತ್ತಾರೆ. ಸುಲಭವೇ. ಸಾಕು ಎನ್ನುವುದು ಎಲ್ಲರೂ ಮನಸ್ಸು ಮಾಡಿ ಗಳಿಸಬಹುದಾದ ಗುಣ ಎಂದು ಬೀಳ್ಕೊಡುಗೆ ಭಾಷಣ ಮಾಡುವವರು ಅವರೆದುರು ಒಂದು ದಿನ ಕೂತು ನೋಡಬೇಕು.

ಇನ್ನು ನಮ್ಮ ಕಾಲೇಜಿನಲ್ಲಿ ಕಸ ಗುಡಿಸುವ ಹೆಂಗಸು. ಹೊರಗುತ್ತಿಗೆ, ನನ್ನದೇ ವಯಸ್ಸು. "ನಿಮಗಾದ್ರೆ ರಿಟೈರು ಸಾರ್. ನಮ್ಗೆ ಯಾವ ರಿಟೈರು? ಸೊಂಟ ಬಿದ್ದ ದಿನ ರಿಟೈರು," ಅಂದಳು ನಗುತ್ತ. ಅರವತ್ತೈದಾದರೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಸಿಗುತ್ತದೆ. ಅಲ್ಲಿಯವರೆಗಿನ ಐದು ವರ್ಷದ ಬಗ್ಗೆ ನಾನು ಕೇಳಲಿಲ್ಲ. ಅವಳ ಹತ್ತಿರ ಯಾವ ಯೋಜನೆಯೂ ಇಲ್ಲವೆಂದೇನಲ್ಲ. ಸಂಘದ ಚೀಟಿ ಇದೆ, ಅಕ್ಕಪಕ್ಕದ ಮನೆಯವರ ಬಾಣಂತನಕ್ಕೆ ಹೋಗಿ ಬಂದ ಸಲುಗೆಯಿದೆ, ಎರಡು ಕುರಿ ಇವೆ. ನಮ್ಮ ಪೈಕಿ ಯಾರು ಹೆಚ್ಚು ಭದ್ರ ಎಂದು ನನಗೆ ಹೇಳುವುದು ಕಷ್ಟ. ಹಾಗೆಂದು ಅವಳ ಬದುಕನ್ನು ಹೊಗಳುವಷ್ಟು ನಾಚಿಕೆಗೇಡಿಯೂ ನಾನಲ್ಲ.

ಮನೆಯ ಮಾತಿಗೆ ಬರುತ್ತೇನೆ. ಮಗ ಬೆಂಗಳೂರಿನಲ್ಲಿದ್ದಾನೆ, ಮಗಳು ಮೈಸೂರಿನಲ್ಲಿ. ಸಾಲ ಮಾಡಿ ಕಟ್ಟಿದ ಮನೆಯನ್ನು ಈಗಲೇ ಮಕ್ಕಳ ಹೆಸರಿಗೆ ಮಾಡಿಬಿಡಿ, ಆಮೇಲೆ ರಗಳೆ ಬೇಡ ಎಂದು ನಮ್ಮ ಭಾವನವರು ಹೇಳುತ್ತಿದ್ದರು. ಪರಿಚಯದ ವಕೀಲರ ಹತ್ತಿರ ಹೋದೆ. ಬರೆಯುವುದಾದರೆ ಉಯಿಲು ಬರೆಯಿರಿ, ದಾನಪತ್ರ ಬೇಡ ಎಂದರು. ದಾನಪತ್ರವೇ ಆಗಬೇಕೆಂದರೆ, ತಂದೆ ತಾಯಿಯನ್ನು ನೋಡಿಕೊಳ್ಳತಕ್ಕದ್ದು ಎಂಬ ಷರತ್ತನ್ನು ಕಾಗದದಲ್ಲೇ ಹಾಕಿಸಿ, ಆಗ ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಎ.ಸಿ. ಮುಂದೆ ಅರ್ಜಿ ಹಾಕಿ ರದ್ದು ಮಾಡಿಸಬಹುದು ಎಂದರು. ಷರತ್ತಿಲ್ಲದ ದಾನವನ್ನು ಈ ಕಲಮಿನಲ್ಲಿ ಹಿಂದಕ್ಕೆ ಪಡೆಯಲಾಗದು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು, 2025ರಲ್ಲಿ ಇನ್ನೊಂದು ಪೀಠ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದಿತು ಎಂದೂ ವಿವರಿಸಿದರು. ಕೇಳುತ್ತ ಕೂತವನಿಗೆ, ಆ ಷರತ್ತಿನ ಸಾಲನ್ನು ಮಗನ ಮುಂದೆ ಸಬ್‌ರಿಜಿಸ್ಟ್ರಾರು ಓದುವುದನ್ನು ಕಲ್ಪಿಸಿಕೊಳ್ಳಲಾಗಲಿಲ್ಲ. ಬರೆಸಿದರೆ ನಂಬಲಿಲ್ಲ ಎಂದಾಗುತ್ತದೆ, ಬರೆಸದಿದ್ದರೆ ಹಿಂದಕ್ಕೆ ಬರುವ ದಾರಿಯಿಲ್ಲ. ಕಾಯ್ದೆ ಮಾಡಿದವರು ಸಾವಿರಾರು ತಾಯಂದಿರ ಕಣ್ಣೀರು ನೋಡಿಯೇ ಮಾಡಿದ್ದಾರೆ, ಅದರ ಮೇಲೆ ನನಗೆ ತಕರಾರಿಲ್ಲ. ಉಯಿಲು ಬರೆಸುವುದೆಂದು ಎದ್ದು ಬಂದೆ.

ನಾಮಿನಿ ವಿಷಯ ಮಾತ್ರ ಅವರು ಹೇಳಿದ ಮೇಲೆಯೇ ನನಗೆ ತಿಳಿದದ್ದು. ಬ್ಯಾಂಕಿನ ಠೇವಣಿಗೆ ನಾಮಿನಿ ಎಂದು ಹೆಸರಿದ್ದವರು ಹಣದ ಒಡೆಯರಾಗುವುದಿಲ್ಲ, ವಾರಸುದಾರರ ಪರವಾಗಿ ಇಸಿದುಕೊಳ್ಳುವ ಕೈ ಮಾತ್ರ ಎಂದು ಸುಪ್ರೀಂ ಕೋರ್ಟು ಹಿಂದೆಯೇ ಹೇಳಿದೆಯಂತೆ. ಮೂವತ್ತು ವರ್ಷದಿಂದ ಎಲ್ಲ ಅರ್ಜಿಯಲ್ಲೂ ಹೆಂಡತಿಯ ಹೆಸರು ಬರೆದು ಅಲ್ಲಿಗೆ ನನ್ನ ಕರ್ತವ್ಯ ಮುಗಿಯಿತೆಂದು ತಿಳಿದಿದ್ದೆ.

ಅವಳು ಈ ಮೂವತ್ತು ವರ್ಷದಲ್ಲಿ ನನ್ನ ಸಂಬಳ ಎಷ್ಟೆಂದು ಕೇಳಿದವಳಲ್ಲ. ತಿಂಗಳ ಮೊದಲ ವಾರ ಕೊಟ್ಟದ್ದನ್ನು ಕೊನೆಯ ವಾರಕ್ಕೆ ಎಳೆದು ತಂದು ನಿಲ್ಲಿಸುತ್ತಿದ್ದಳು. ಹೇಗೆ ಎಂದು ನಾನೂ ಕೇಳಲಿಲ್ಲ. ಹೋದ ತಿಂಗಳು ಅವರೆಕಾಳು ಹಿಸುಕುತ್ತ ಕೂತವಳು ತಲೆಯೆತ್ತದೆ, "ನೀವು ಹೋದ್ಮೇಲೆ ನನಗೆ ಎಷ್ಟು ಬರುತ್ತೆ?" ಅಂದಳು.

ನನಗೆ ತಟ್ಟನೆ ಉತ್ತರ ಬರಲಿಲ್ಲ. ಕುಟುಂಬ ಪಿಂಚಣಿ, ಮೂಲವೇತನದ ಶೇ. 30, ಎಂದು ಅರ್ಜಿಯ ಭಾಷೆಯಲ್ಲಿ ಹೇಳಿದೆ. "ಅಂದ್ರೆ ಎಷ್ಟು?" ಮೊತ್ತ ಹೇಳಿದೆ. ಕೈಯಲ್ಲಿದ್ದ ಕಾಳನ್ನು ಬಟ್ಟಲಿಗೆ ಹಾಕಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಬೇಕಾದಷ್ಟಾಯ್ತು," ಅಂದಳು. ಆಮೇಲೆ, "ಮಗನ ಮನೆಗೆ ಹೋದ್ರೂ ನನ್ನ ಮಾತ್ರೆ ನಾನೇ ತಗೋಬಹುದು."

ಅವಳ ಮಾತಿನಲ್ಲಿ ನನಗೆ ಅವ್ವ ಕಂಡಳು. ಇಬ್ಬರಿಗೂ ಅಷ್ಟಕ್ಕಷ್ಟೇ ಇತ್ತು, ಆದರೂ ಇದೊಂದರಲ್ಲಿ ಒಂದೇ ಜಾತಿ. ಇಡೀ ಜನ್ಮ ಬೇರೆಯವರನ್ನು ಸಾಕಿದ ಹೆಂಗಸರು ಇವರು. ಸಾಕಿಸಿಕೊಳ್ಳುವ ಸರದಿ ಬಂದಾಗ ಮಾತ್ರೆಯ ದುಡ್ಡಾದರೂ ತಮ್ಮದಿರಲಿ ಎನ್ನುತ್ತಾರೆ. ಕನ್ನಡದಲ್ಲಿ ತೃಪ್ತಿಗೂ ಪೋಷಣೆಗೂ ಸಾಕು ಎಂಬ ಒಂದೇ ಸದ್ದು ಇರುವುದು ಆಕಸ್ಮಿಕವೇ ಇರಬಹುದು, ಧಾತು ಬಲ್ಲವರು ಬೇರೆ ಬೇರೆ ಎಂದಾರು. ನನ್ನ ಕಿವಿಗೆ ಈಗೀಗ ಎರಡೂ ಒಂದೇ ಆಗಿ ಕೇಳುತ್ತವೆ. ಎಷ್ಟಿದ್ದರೆ ಸಾಕು ಎಂಬುದಕ್ಕೆ ಯಾರು ಸಾಕುತ್ತಾರೆ, ನಾನು ಸಾಕಿಸಿಕೊಳ್ಳಬಲ್ಲೆನೇ ಎಂಬುದೂ ಅಂಟಿಕೊಂಡೇ ಇದೆ. ಅವ್ವನ ಕೊನೆಯ ಎರಡು ತಿಂಗಳು ಅತ್ತಿಗೆ ಅವಳಿಗೆ ತುತ್ತು ಮಾಡಿ ಉಣ್ಣಿಸುತ್ತಿದ್ದರು. ಮೊದಲ ವಾರ ಅವ್ವ ಮುಖ ತಿರುಗಿಸುತ್ತಿದ್ದಳು. ಆಮೇಲೆ ಬಾಯಿ ತೆರೆದಳು. ಆ ತುತ್ತಿಗೆ ಹದಿನೆಂಟು ನೋಟಿನ ಗಂಟಿನಿಂದ ಒಂದು ಪೈಸೆಯೂ ಹೋಗಲಿಲ್ಲ. ಒಂದು ಮಧ್ಯಾಹ್ನ, "ಅನ್ನ ಬಿಸಿಯಾಗದೆ, ಆರಿಸಿ ಹಾಕವ್ವ," ಎಂದು ಗದರಿದ್ದೂ ಉಂಟಂತೆ. ಹಂಗಿನಲ್ಲಿದ್ದವಳ ದನಿಯಲ್ಲ ಅದು.

ಇದನ್ನು ಗಣಿತದ ಮೇಷ್ಟ್ರಿಗೆ ಹೇಳಿದರೆ ಅವರ ಪಟ್ಟಿಯಲ್ಲಿ ಎಲ್ಲಿ ಬರೆದಾರು? ಬರೆಯದಿದ್ದರೂ ಚಿಂತೆಯಿಲ್ಲ, ಪಟ್ಟಿ ಬೇಕು. ನಾನೂ ನನ್ನದನ್ನು ಬರೆದಿದ್ದೇನೆ. ಪರಿವರ್ತನೆಗೆ ಅರ್ಧ ಮನಸ್ಸಿನಿಂದ ಒಪ್ಪಿದ್ದೇನೆ, ಮಗಳ ಮದುವೆಯ ಸಾಲ ಇನ್ನೂ ಸ್ವಲ್ಪ ಉಳಿದಿದೆ ಎಂಬುದು ನಿಜವಾದ ಕಾರಣ. ಸೈಟಿನವರಿಗೆ ಇಲ್ಲ ಎಂದಿದ್ದೇನೆ. ಮುಂದಿನ ವರ್ಷದಿಂದ ಪ್ರತಿ ನವೆಂಬರಿನಲ್ಲಿ ನಾನು ಬದುಕಿದ್ದೇನೆ ಎಂಬ ಜೀವಂತ ಪ್ರಮಾಣಪತ್ರ ಕೊಡಬೇಕು. 2014ರಿಂದ ಅದನ್ನು ಬೆರಳಚ್ಚು ಒತ್ತಿ ಕಂಪ್ಯೂಟರಿನಲ್ಲೇ ಕೊಡುವಂತೆ ಮಾಡಿದ್ದಾರೆ. ಸೀಮೆಸುಣ್ಣ ಹಿಡಿದು ಸವೆದ ಬೆರಳನ್ನು ಯಂತ್ರ ಒಪ್ಪದೆ ಹೋದರೆ ಮುಖ ತೋರಿಸಿದರೂ ನಡೆಯುತ್ತದಂತೆ.

ಪಿಂಚಣಿ ಕಾಗದಗಳ ಜೊತೆ ಗಂಡ ಹೆಂಡತಿಯ ಜಂಟಿ ಭಾವಚಿತ್ರ ಇಡಬೇಕು. ಹೋದ ಭಾನುವಾರ ಇಬ್ಬರೂ ಸ್ಟುಡಿಯೊಗೆ ಹೋದೆವು. ಹೀಗೆ ಇಬ್ಬರೇ ಕ್ಯಾಮೆರಾ ಮುಂದೆ ಕೂತದ್ದು ಮದುವೆಯಾದ ವರ್ಷ ಬಿಟ್ಟರೆ ಇದೇ. ಅವಳು ಸ್ಟೂಲಿನ ತುದಿಯಲ್ಲಿ, ನನ್ನಿಂದ ಒಂದು ಗೇಣು ದೂರ ಕೂತಿದ್ದಳು. ಹುಡುಗ ಕ್ಯಾಮೆರಾ ಹಿಂದಿನಿಂದ, "ಅಮ್ಮಾ, ಸಾರ್ ಕಡೆ ಸ್ವಲ್ಪ ಜರುಗಿ," ಅಂದ. ಜರುಗಿದಳು. "ಇಷ್ಟು ಸಾಕಾ?" "ಇನ್ನೂ ಸ್ವಲ್ಪ." ಭುಜಕ್ಕೆ ಭುಜ ತಾಗಿತು. ದೀಪ ಹೊತ್ತಿ ಆರಿತು.

ಎಷ್ಟು ಕಾಪಿ ಎಂದು ಹುಡುಗ ಕೇಳಿದ. ಅರ್ಜಿಗೆ ಮೂರು ಸಾಕು ಎಂದೆ.

"ಇನ್ನೊಂದು ಹಾಕಪ್ಪ," ಅಂದಳು.

ಯಾತಕ್ಕೆ ಎಂದು ಅವಳ ಕಡೆ ನೋಡಿದೆ.

"ಇರಲಿ."